ಎರಡನೇ ಭಾಗದಲ್ಲಿ ಕಾಣದ ನರ್ಸಬಾಯಿ

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಜೋಳದ ಕಾಳಿನಷ್ಟು ಜಾಗ ಕಲ್ಲಿನಂತೆ ಗಟ್ಟಿಯಾಗಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಜೆಕ್ಷನ್ನಿನ ಗಾಜಿನ ಸೀಸೆಗಳ ಕುತ್ತಿಗೆಯನ್ನು ಅದೇ ಬೆರಳಿನಿಂದ ಮುರಿದು, ಗಾಜು ಚುಚ್ಚಿ, ಮಾಯ್ದು, ಮತ್ತೆ ಚುಚ್ಚಿ ಆದ ಗಂಟು ಅದು. ಮಕ್ಕಳ ತೋಳಿಗೆ ಸೂಜಿ ಹಾಕುವ ಮುಂಚೆ ಆ ಒರಟು ತುದಿಯಿಂದ ಚರ್ಮವನ್ನು ಒಂದು ಕ್ಷಣ ಗಸಗಸ ತಿಕ್ಕುತ್ತಿದ್ದರು. ಕುಲಗೋಡದಲ್ಲಿ ನನ್ನ ವಾರಿಗೆಯ ಯಾರನ್ನೇ ಕೇಳಿ, ಸೂಜಿಯ ನೋವು ನೆನಪಿಲ್ಲ, ಆ ತಿಕ್ಕು ನೆನಪಿದೆ ಎನ್ನುತ್ತಾರೆ.

ಊರಿಗೆಲ್ಲ ಅವರು ನರ್ಸಬಾಯಿ. ಅವರಿಗೂ ಒಂದು ಹೆಸರಿದೆ ಎಂಬುದು ನನಗೆ ತಿಳಿದದ್ದು ರೇಷನ್ ಸರದಿಯಲ್ಲಿ ಯಾರೋ ಅದನ್ನು ಕೂಗಿದಾಗ. ಆ ಹೆಸರಿಗೆ ಅವರೇ ತಕ್ಷಣ ಓಗೊಡಲಿಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನನ್ನ ತಾಯಿಗೆ ಹೆರಿಗೆ ಮಾಡಿಸಿದವರೂ ಅವರೇ. ಬೆಳೆದ ಮೇಲೆ ನಾನು ಎದುರು ವಾದಿಸಿದರೆ, "ಏ ತಂಗಿ, ನಿನ್ನ ಪೈಲಾ ನೋಡಿದಾಕಿ ನಾನು. ನಿಮ್ಮವ್ವ ಆಮ್ಯಾಲ ನೋಡ್ಯಾಳ" ಎಂದು ಬಾಯಿ ಮುಚ್ಚಿಸುತ್ತಿದ್ದರು. ರೋಗಿಗಳಿಗಿಂತ ರೋಗದ ಜೊತೆಗೇ ಅವರ ಮಾತು ಹೆಚ್ಚು. ಜ್ವರ ಬಂದ ಹಣೆಯ ಮೇಲೆ ಕೈಯಿಟ್ಟು, ಬೇಡದ ಬೀಗರನ್ನು ಎಬ್ಬಿಸುವವರ ಹಾಗೆ, "ಸಾಕಾತು, ನಾಕ ದಿನಾ ಇದ್ದಿ, ಇನ್ನ ನಡಿ" ಎನ್ನುವರು.

ಅವರ ಯಜಮಾನರು ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ನಮಗೆ ಅವರು ಗಿರಣಿ ಕಾಕಾ. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಸದಾ ಬಿಳಿ. ಮಾತು ಕಡಿಮೆ. ಗಿರಣಿಯ ಸದ್ದಿನಲ್ಲಿ ಮಾತಾಡಿ ಉಪಯೋಗವಿಲ್ಲ ಎಂದು ಎಂದೋ ಬಿಟ್ಟವರು, ಮನೆಗೆ ಬಂದ ಮೇಲೂ ಮತ್ತೆ ಹಿಡಿಯಲಿಲ್ಲ. ಸಂಜೆ ಅವರು ಬಂದಾಗ ನರ್ಸಬಾಯಿ ಹೊಸ್ತಿಲಲ್ಲೇ ನಿಲ್ಲಿಸಿ, ಟವೆಲ್ಲಿನಿಂದ ಬೆನ್ನು, ಭುಜ, ತಲೆ ಎಲ್ಲ ಕೊಡವಿ, ಆಮೇಲೆ ಒಳಗೆ ಬಿಡುತ್ತಿದ್ದರು. ಆ ಏಟಿಗೆ ಕಾಕಾ ಕಣ್ಣು ಮುಚ್ಚಿಕೊಂಡು ನಗುತ್ತ ನಿಂತಿರುತ್ತಿದ್ದರು. ಮಕ್ಕಳಿರಲಿಲ್ಲ. ಇಬ್ಬರೇ.

ಕೊರೊನಾದ ಎರಡನೇ ವರ್ಷ, ನರ್ಸಬಾಯಿಯ ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದಾಗ, ಕಾಕಾನಿಗೆ ಉಸಿರು ಸಿಕ್ಕಿಕೊಳ್ಳತೊಡಗಿತು. ನರ್ಸಬಾಯಿ ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿದವರೇ ಬೆಳಗಾವಿಗೆ ಕಳಿಸುವುದೆಂದು ನಿರ್ಧರಿಸಿದರು. ಕಾಕಾನಿಗೆ ಮನಸ್ಸಿರಲಿಲ್ಲ. ಆಂಬ್ಯುಲೆನ್ಸ್ ಬಾಗಿಲಿಗೆ ಬಂದು ನಿಂತಿತ್ತು. ನಾನು ನಮ್ಮ ಕಟ್ಟೆಯ ಮೇಲಿಂದ ನೋಡುತ್ತಿದ್ದೆ.

"ಮನ್ಯಾಗ ಇರ್ತೇನಿ. ನೀ ಅದಿಯಲ್ಲ" ಎಂದರು ಕಾಕಾ.

"ನನ್ನ ಕೈಯಾಗ ಗಾಳಿ ಇಲ್ರಿ. ಅಲ್ಲಿ ಐತಿ. ನಾಕ ದಿನದ ಮಾತು, ಆರಾಮ ಆಗಿ ಬರ್ತೀರಿ" ಎಂದರು ನರ್ಸಬಾಯಿ.

ಕಾಕಾ ಹತ್ತಿ ಕುಳಿತರು. ಜೊತೆಗೆ ಯಾರನ್ನೂ ಬಿಡುವಂತಿರಲಿಲ್ಲ. ನರ್ಸಬಾಯಿಗೆ ಅಂದೂ ಡ್ಯೂಟಿಯಿತ್ತು. ಗಾಡಿ ಹೊರಳುವವರೆಗೆ ನಿಂತಿದ್ದು, ಚೀಲ ಹೆಗಲಿಗೇರಿಸಿ, ಜ್ವರದ ಮನೆಗಳ ಪಟ್ಟಿ ಹಿಡಿದು ಇನ್ನೊಂದು ಓಣಿಗೆ ನಡೆದರು.

ಹನ್ನೊಂದನೆಯ ದಿನ ಫೋನು ಬಂತು, ನಾನು ಅವರ ಪಕ್ಕದಲ್ಲೇ ಇದ್ದೆ. ಊರಿಗೆ ತರುವ ಹಾಗಿರಲಿಲ್ಲ, ಆಗಿನ ನಿಯಮವೇ ಹಾಗಿತ್ತು. ಅಲ್ಲೇ ಮಣ್ಣು ಮಾಡಿದ್ದರು. ಫೋನು ಮಾಡಿದವನಿಗೆ ನರ್ಸಬಾಯಿ ಕೇಳಿದ್ದು ಒಂದೇ ಮಾತು. ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು, ಕೂಡಿಸಿ ಮಣ್ಣು ಕೊಡುತ್ತೇವೆ.

"ಕುಂಡ್ರಿಸೀರೋ, ಮಲಗಿಸೀರೋ?"

"ಮಲಗಿಸೇವ್ರೀ ಅಮ್ಮಾ. ಭಾಳ ಮಂದಿ ಇದ್ರು" ಎಂದಿತು ಆ ಕಡೆಯ ದಣಿದ ದನಿ.

ಅವರು ಫೋನು ಇಟ್ಟು, ಬೇಸಿನ್ನಿನಲ್ಲಿ ಮಾಸ್ಕು ತೊಳೆದು ಹಗ್ಗದ ಮೇಲೆ ಹರವಿದರು. ಮರುದಿನ ಡ್ಯೂಟಿಗೆ ಹೋದರು. ಕಾಕಾನ ಬಗ್ಗೆ ಆ ಮೇಲೆ ಯಾರೊಡನೆಯೂ ಮಾತಾಡಲಿಲ್ಲ. ನಿವೃತ್ತಿಯಾಯಿತು. ಗಿರಣಿಗೆ ಬೀಗ ಬಿತ್ತು. ಮಧ್ಯಾಹ್ನಗಳು ಅವರಿಗೆ ಬಹಳ ಉದ್ದವಾದವು.

ಇಲ್ಲಿ ನನ್ನ ಒಂದು ಗುಟ್ಟನ್ನು ಹೇಳಿಬಿಡಬೇಕು. ನಾನು ಮೂಡಲಗಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಗ್ರಂಥಪಾಲಕಿ ಎಂದರೆ ಕವಿತೆ ಓದುತ್ತಾಳೆ ಎಂದು ಜನ ತಿಳಿಯುತ್ತಾರೆ. ನನಗೆ ಮಾತ್ರ ಮೊದಲಿನಿಂದಲೂ ಸತ್ತವರು ಎದ್ದು ಬರುವ ಸಿನಿಮಾಗಳ ಹುಚ್ಚು. ಅದರಲ್ಲೂ ನಮ್ಮ ಸೀಮೆಯಲ್ಲೇ ತಯಾರಾದ ಒಂದು ಸಿನಿಮಾ ನನ್ನ ಜೀವ. ಯಮಕನಮರಡಿಯಲ್ಲಿ ಮದುವೆಗಳ ವಿಡಿಯೋ ತೆಗೆಯುವ ಒಬ್ಬ ತರುಣ ತನ್ನ ಒಂದೇ ಕ್ಯಾಮೆರಾದಲ್ಲಿ ತೆಗೆದದ್ದು. ಹೆಸರು 'ಎದ್ದವರು'. ನೆರೆ ಬಂದು ಹೊಳೆ ಒಯ್ದ ಜನ ನೀರಿಳಿದ ಮೇಲೆ ಒಬ್ಬೊಬ್ಬರಾಗಿ ಎದ್ದು, ತೊಯ್ದ ಬಟ್ಟೆಯಲ್ಲೇ ಊರಿಗೆ ತಿರುಗಿ ಬರುತ್ತಾರೆ. ಇಷ್ಟೇ ಕಥೆ. ರಕ್ತ ಬೀಟ್‌ರೂಟಿನದು. ಎದ್ದವರಲ್ಲಿ ಒಬ್ಬ ಕೈಗಡಿಯಾರ ಬಿಚ್ಚಲು ಮರೆತಿದ್ದಾನೆ, ಇನ್ನೊಬ್ಬ ಗುಂಪಿನ ನಡುವೆ ಕ್ಯಾಮೆರಾ ನೋಡಿ ನಗುತ್ತಾನೆ. ಗೋಕಾಕದಲ್ಲಿ ಒಂದು ವಾರ ನಡೆದು, ಆಮೇಲೆ ಮೊಬೈಲಿಗೆ ಬಂತು. ನಾನು ಎಷ್ಟು ಸಲ ನೋಡಿದ್ದೇನೆಂದು ಹೇಳಲು ಈಗಲೂ ನಾಚಿಕೆ.

ಅದರಲ್ಲಿ ಎಲ್ಲರಿಗಿಂತ ಮುಂದೆ ನಡೆದು ಬರುವ ಎತ್ತರದ ಹೆಣದ ಪಾತ್ರ ಮಾಡಿದವನು ನಮ್ಮೂರಿನವನೇ, ಕುರಿ ಕಾಯುವವನು. ನಟನೆ ಗೊತ್ತಿಲ್ಲ. ಆದರೆ ಹುಟ್ಟಿದಾಗಿನಿಂದ ಕುರಿಗಳ ಹಿಂದೆ ನಡೆದು ನಡೆದು ಅವನಿಗೊಂದು ನಡಿಗೆ ಬಂದಿತ್ತು. ಅವಸರವಿಲ್ಲ, ನಿಲ್ಲುವುದೂ ಇಲ್ಲ. ಆ ನಡಿಗೆಯನ್ನು ನೋಡಿಯೇ ಡೈರೆಕ್ಟರ್ ಅವನನ್ನು ಆರಿಸಿದ್ದ.

ಒಂದು ಭಾನುವಾರ ಕರೆಂಟ್ ಹೋಗಿತ್ತು. ನಾನು ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದೆ. ನರ್ಸಬಾಯಿ ಬಂದು ಬಾಜೂಕ್ಕೆ ಕುಳಿತದ್ದು ತಿಳಿಯಲಿಲ್ಲ. ಗಂಡನನ್ನು ಹಾಗೆ ಕಳೆದುಕೊಂಡವರ ಮುಂದೆ ಇಂಥದ್ದನ್ನು ನೋಡುವುದೇ ಎಂದು ಗಾಬರಿಯಾಗಿ ಮೊಬೈಲು ಮುಚ್ಚಿಟ್ಟೆ.

"ಏನದು?"

"ಏನಿಲ್ರೀ, ಸುಮ್ಮನ ಒಂದ ಪಿಚ್ಚರ್."

"ಆ ಮಂದಿ ಯಾಕ ಹಂಗ ನಡ್ಯಾಕತ್ತಾರ? ಲಕ್ವಾ ಹೊಡದೈತೇನ?"

"ಇಲ್ರೀ... ಅವರು ಸತ್ತಾರ್ರಿ."

ಅವರು ನಾನು ಮುಚ್ಚಿಟ್ಟ ಮೊಬೈಲನ್ನು ತಾವೇ ಎತ್ತಿ ನನ್ನ ಕೈಗಿಟ್ಟರು. ಆಮೇಲೆ, "ಹಚ್ಚು, ನೋಡೂಣು. ಪೈಲಾದಿಂದ ಹಚ್ಚು" ಎಂದರು.

ಪೂರ್ತಿ ನೋಡಿದರು. ಹೆದರಲಿಲ್ಲ. ಉದ್ದಕ್ಕೂ ತಪ್ಪು ತೆಗೆದರು. ಸತ್ತ ಮೈ ಹೀಗೆ ಬಾಗುವುದಿಲ್ಲ, ನೀರಿನಲ್ಲಿ ಮೂರು ದಿನ ಇದ್ದವನ ಹೊಟ್ಟೆ ಇಷ್ಟು ಒಳಗಿರುವುದಿಲ್ಲ, ಅಲ್ಲಿ ಕಚ್ಚಿದರೆ ಅಷ್ಟು ರಕ್ತ ಬರುವುದಿಲ್ಲ. ಹೊಳೆಯಿಂದ ಎತ್ತಿ ಹೂತಿದ್ದ ಒಬ್ಬ ಸಮಾಧಿಯಿಂದ ಮಣ್ಣು ಕೊಡವಿಕೊಂಡು ಏಳಲು ಒದ್ದಾಡುವ ದೃಶ್ಯ ಬಂದಾಗ, "ಅಂವನ್ನ ಮಲಗಿಸ್ಯಾರ, ಅದಕ್ಕ ತ್ರಾಸು. ನಮ್ಮ ಮಂದಿ ಆಗಿದ್ರ ಕುಂತಾಂವ ಹಂಗ ಮೊಣಕಾಲಿಗೆ ಕೈ ಕೊಟ್ಟ ಎದ್ದಬಿಡ್ತಿದ್ದ" ಎಂದು ನಕ್ಕರು. ನಗು ಅರ್ಧಕ್ಕೆ ನಿಂತಿತು. ಫೋನಿನಲ್ಲಿ ಕೇಳಿದ್ದ ಆ ಮಾತು ಇಬ್ಬರಿಗೂ ನೆನಪಾಗಿತ್ತು. ನಾನು ತೆರೆಯಿಂದ ಕಣ್ಣು ತೆಗೆಯಲಿಲ್ಲ.

ಕೊನೆಯ ಕಡೆ ಒಂದು ಶಾಟ್ ಬರುತ್ತದೆ. ಎದ್ದು ಬಂದ ಮುದುಕಿಯೊಬ್ಬಳು ತನ್ನ ಮನೆಯ ಮುಂದೆ ನಿಂತು, ಒಳಗೆ ಹೋಗುವ ಮೊದಲು, ಕಾಲಲ್ಲಿ ಉಳಿದಿದ್ದ ಒಂದೇ ಚಪ್ಪಲಿಯನ್ನು ಬಾಗಿಲ ಬಾಜೂಕ್ಕೆ ಬಿಡುತ್ತಾಳೆ. ಡೈರೆಕ್ಟರ್ ಹೇಳಿಕೊಟ್ಟದ್ದಲ್ಲವಂತೆ. ಆ ಮುದುಕಿಗೆ ರೂಢಿ, ಬಿಟ್ಟಳು. ನರ್ಸಬಾಯಿ ಅದನ್ನು ನಾಲ್ಕು ಸಲ ಹಿಂದೆ ಹಾಕಿಸಿ ನೋಡಿದರು. "ಸತ್ತ ಮ್ಯಾಲೂ ಮನಿ ಅನ್ನೂದ ಗೊತ್ತೈತಿ ನೋಡ ಆಕಿಗೆ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಅಲ್ಲಿಂದ ಭಾನುವಾರಗಳು ನಮ್ಮವಾದವು. ಜೋಳದ ರೊಟ್ಟಿ, ಪುಂಡಿ ಪಲ್ಯ ಮುಗಿಸಿ ಅವರು ಬರುವರು, "ಎದ್ದ ಮಂದಿ ಹಚ್ಚು" ಎನ್ನುವರು. ಬೇರೆ ದೇಶದವುಗಳನ್ನೂ ತೋರಿಸಿದೆ. ಓಡುವ ಹೆಣಗಳು ಅವರಿಗೆ ಸೇರಲಿಲ್ಲ. "ಸತ್ತಾವ್ರಿಗೆ ಎಲ್ಲಿ ಹೋಗೂ ಗಡಿಬಿಡಿ?" ಎಂದು ಬಿಟ್ಟರು. ಮತ್ತೆ ನಮ್ಮ 'ಎದ್ದವರು' ಹಾಕಬೇಕು. ಮಗಳಾಗುವ ವಯಸ್ಸಿನ ನಾನು, ತಾಯಿಯಾಗುವ ವಯಸ್ಸಿನ ಅವರು, ಒಂದು ಮೊಬೈಲಿಗೆ ತಲೆ ಹಚ್ಚಿ ಕೂತಿರುವುದನ್ನು ನೋಡಿ ನಮ್ಮವ್ವ, "ಇಬ್ಬರಿಗೂ ದೆವ್ವ ಬಡಿದೈತಿ" ಎನ್ನುತ್ತಿದ್ದಳು.

ಎರಡನೇ ಭಾಗ ಬರುತ್ತದೆ ಎಂಬ ಸುದ್ದಿ ಬಂದಾಗ ನಾನು ಗ್ರಂಥಾಲಯದಿಂದಲೇ ಅವರಿಗೆ ಫೋನು ಮಾಡಿದೆ. ಡೈರೆಕ್ಟರ್ ಪ್ರಕಟಣೆ ಹಾಕಿದ್ದ. ಮಸಗುಪ್ಪಿಯ ಕಬ್ಬಿನ ಹೊಲಗಳಲ್ಲಿ ಚಿತ್ರೀಕರಣ, ಹೆಣವಾಗಲು ಮನಸ್ಸಿದ್ದವರು ಹಳೆಯ ಬಟ್ಟೆಯಲ್ಲಿ ಬರಬೇಕು. "ನಡಿ ಹೋಗೂಣು" ಎಂದರು ನರ್ಸಬಾಯಿ, ಬಸ್ಸು ಯಾವಾಗ ಎಂದು ಕೂಡ ಕೇಳದೆ.

ಅಂದು ಅವರು ಉಟ್ಟದ್ದು ಹಳೆಯ ಸೀರೆಯಲ್ಲ. ಇಸ್ತ್ರಿ ಮಾಡಿದ ಬಿಳಿ ಸೀರೆ, ಡ್ಯೂಟಿಯ ಸೀರೆ.

ಮಸಗುಪ್ಪಿಯಲ್ಲಿ ಬಸ್ಸಿಳಿದು ಕಾಲುವೆಯ ದಂಡೆ ಹಿಡಿದು ನಡೆದರೆ, ಕಬ್ಬಿನ ನಡುವೆ ಒಂದು ಹೊಲಮನೆ. ಅದರ ಮುಂದೆ ಇಪ್ಪತ್ತು ಮೂವತ್ತು ಹೆಣಗಳು ಬೇವಿನ ಮರದ ಕೆಳಗೆ ಕೂತು ಅವಲಕ್ಕಿ ತಿನ್ನುತ್ತಿದ್ದವು. ಮಧ್ಯಾಹ್ನದ ಬಿಸಿಲು. ದೀಪಗಳ ವ್ಯವಸ್ಥೆ ಇಲ್ಲದ್ದರಿಂದ ಕಥೆಯ ರಾತ್ರಿಯನ್ನೆಲ್ಲ ಹಗಲಲ್ಲೇ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ನೀಲಿ ಮಾಡುತ್ತಾರಂತೆ. ಮಾತನ್ನೂ ಆಮೇಲೆ ಸ್ಟುಡಿಯೋದಲ್ಲಿ ಸೇರಿಸುವುದು, ಇಲ್ಲಿ ಬರೀ ಚಿತ್ರ. ನಾನು ಅಭಿಮಾನಿ ಎಂದು ಹೇಳಿಕೊಂಡಾಗ ಡೈರೆಕ್ಟರ್ ನಾಚಿ ಕೆಂಪಾದ. ನನಗೆ ಏನೇನೋ ಕೇಳಬೇಕಿತ್ತು. ಆದರೆ ನರ್ಸಬಾಯಿ ಆಗಲೇ ಹೆಣಗಳ ನಡುವೆ ರೌಂಡ್ಸ್ ಶುರು ಮಾಡಿದ್ದರು.

"ಯಾರೋ ಇದನ್ನ ಬಡದಾಂವ? ಸತ್ತಾವರು ಇಷ್ಟ ಬೆಳ್ಳಗ ಎಲ್ಲಿರ್ತಾರ? ಬೂದಿ ತಾ. ಉಗುರಿಗೆ ಸ್ವಲ್ಪ ನೀಲಿ ಹಚ್ಚ್ರಿ. ತುಟಿಗೂ."

ಮೇಕಪ್ ಮಾಡುತ್ತಿದ್ದವನು ಬಣ್ಣ ತೀರಿತೆಂದು ಜೋಳದ ಹಿಟ್ಟನ್ನೇ ಬಡಿಯುತ್ತಿದ್ದ. ನರ್ಸಬಾಯಿ ಸೆರಗು ಸಿಕ್ಕಿಸಿ ಕುಳಿತು, ಬೂದಿ ಬೆರೆಸಿ, ಒಬ್ಬೊಬ್ಬರನ್ನೇ ಕರೆದು ತಾವೇ ಹಚ್ಚತೊಡಗಿದರು. ಹೆಣಗಳು ಸೂಜಿಗೆ ನಿಂತ ಮಕ್ಕಳಂತೆ ಸಾಲು ನಿಂತವು. ಕೊನೆಗೆ ಕುರಿ ಕಾಯುವವನ ಸರದಿ ಬಂತು. ಅವನಿಗೆ ಮೊದಲೇ ಯಾರೋ ಹಿಟ್ಟು ಬಡಿದಿದ್ದರು. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ, ಕಿವಿಯ ಕೂದಲಿನ ಮೇಲೆ. ನರ್ಸಬಾಯಿಯ ಕೈ ಮೇಲೆದ್ದದ್ದು ಹಾಗೇ ನಿಂತಿತು. ಅವನು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದ.

"ಇಂವಗ ಬೂದಿ ಬ್ಯಾಡ. ಹಿಂಗ ಇರ್ಲಿ" ಎಂದು ಎದ್ದು, ಕೈ ತೊಳೆಯಲು ಕಾಲುವೆಗೆ ಹೋದರು. ಬಹಳ ಹೊತ್ತು ತೊಳೆದರು.

ಅವರು ತಿರುಗಿ ಬರುವಷ್ಟರಲ್ಲಿ ಹೊಲಮನೆಯ ದೃಶ್ಯಕ್ಕೆ ತಯಾರಿ ನಡೆದಿತ್ತು. ಎದ್ದು ಬಂದ ಗಂಡ ತನ್ನ ಮನೆಯ ಬಾಗಿಲಿಗೆ ಬರುತ್ತಾನೆ, ಹೆಂಡತಿ ಚೀರಿ ಬಾಗಿಲು ಮುಚ್ಚಿ ಅಗಳಿ ಹಾಕುತ್ತಾಳೆ, ಅವನು ಬಾಗಿಲು ಬಡಿಯುತ್ತಾನೆ. ಹೆಂಡತಿಯ ಪಾತ್ರದ ಹುಡುಗಿಗೆ ಡೈರೆಕ್ಟರ್ ಚೀರುವುದನ್ನು ಹೇಳಿಕೊಡುತ್ತಿದ್ದ. ನರ್ಸಬಾಯಿ ನಡುವೆ ಹೋಗಿ ನಿಂತರು.

"ಯಾಕ ಅಗಳಿ ಹಾಕ್ತಾಳ?"

"ಅಂಜಿಕಿಗೆ ಅಮ್ಮಾ. ಗಂಡ ಸತ್ತಾನಲ್ಲ."

"ಸತ್ತ್ರ ಏನಾತು? ಬಂದಾನಲ್ಲ."

ಡೈರೆಕ್ಟರ್ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

"ಅಮ್ಮಾ, ಇದು ಅಂಜಿಸೋ ಪಿಚ್ಚರ್. ಬಾಗಲಾ ತಗದ್ರ ಅಂಜಿಕಿ ಎಲ್ಲಿ ಬರ್ತೈತಿ?"

"ನೀ ಮದಿವಿ ಆಗೀಯೇನ?"

"ಇಲ್ರೀ."

"ಅದಕ್ಕ. ಅಷ್ಟ ದೂರದಿಂದ ನಡಕೋತ ಬಂದಾನ. ಅಲ್ಲಿಂದ ಇಲ್ಲೀತನಾ ಏಸ ಊರ ದಾಟ್ಯಾನ. ಮನಿಯಾಕಿ ಒಮ್ಮೆರೆ ಬಾಗಲಾ ತಗೀಬೇಕಪಾ."

ಅವಲಕ್ಕಿಯ ತಟ್ಟೆ ಹಿಡಿದ ಹೆಣಗಳು ಅಗಿಯುವುದನ್ನು ನಿಲ್ಲಿಸಿದವು. ಡೈರೆಕ್ಟರ್ ಒಳ್ಳೆಯ ಹುಡುಗ. ತಲೆ ಕೆರೆದುಕೊಂಡು, "ಹಂಗಾರ ನೀವ ಮಾಡಿ ತೋರಸ್ರಿ. ಎರಡೂ ನಮೂನಿ ತಗೊಂಡಿಡ್ತೇನಿ" ಎಂದ.

"ಏನ ಅನ್ನಲಿ?"

"ಏನರೆ ಅನ್ರಿ. ದನಿ ಆಮ್ಯಾಲ ಹಾಕ್ತೇವಿ. ತುಟಿ ಅಲ್ಲಾಡಿದ್ರ ಸಾಕು."

ಕ್ಯಾಮೆರಾ ಅಂಗಳದ ಈ ತುದಿಯಲ್ಲಿತ್ತು. ನಾನು ಅದರ ಹಿಂದೆ. ಹೊಲದ ಬದಿಯಿಂದ ಕುರಿ ಕಾಯುವವನು ತನ್ನ ಎಂದಿನ ನಡಿಗೆಯಲ್ಲಿ ಬಂದು ಬಾಗಿಲ ಮುಂದೆ ನಿಂತ. ಬಾಗಿಲು ತೆರೆಯಿತು. ನರ್ಸಬಾಯಿ ಬಿಳಿ ಸೀರೆಯಲ್ಲಿ ಹೊಸ್ತಿಲ ಮೇಲೆ. ಮೊದಲು ಏನೂ ಮಾಡಲಿಲ್ಲ, ಸುಮ್ಮನೆ ನೋಡಿದರು. ಆಮೇಲೆ ಸೆರಗಿನಿಂದ ಅವನ ಭುಜ ಕೊಡವಿದರು, ಒಮ್ಮೆ, ಎರಡು ಸಲ. ಹಿಟ್ಟು ಬಿಸಿಲಿನಲ್ಲಿ ಹಾರಿತು. ಬಳಿಕ ಮಾತಾಡತೊಡಗಿದರು. ತುಟಿ ಅಲ್ಲಾಡುವುದು ಕಾಣುತ್ತಿತ್ತು, ದನಿ ನಮ್ಮವರೆಗೆ ಬರುತ್ತಿರಲಿಲ್ಲ. ಒಂದೆರಡು ಮಾತಲ್ಲ. ಡೈರೆಕ್ಟರ್ ನಿಲ್ಲಿಸಲು ಕೈ ಎತ್ತಿದವನು ಇಳಿಸಿದ. ಕೊನೆಗೆ ಅವರು ಏನೋ ಕೇಳಿದಂತೆ ಮುಖ ಮೇಲೆತ್ತಿದರು. ಆಗ ಹೆಣ ನಿಧಾನವಾಗಿ, ಸ್ಪಷ್ಟವಾಗಿ, ತಲೆಯಾಡಿಸಿತು.

"ಕಟ್! ಏ ಮಾರಾಯಾ, ಹೆಣ ಗೋಣ ಹಾಕತೈತೇನೋ? ಕೆಡಿಸಿದಿ!" ಎಂದು ಡೈರೆಕ್ಟರ್ ಕೂಗಿದ. "ಅಮ್ಮಾ, ಇನ್ನೊಮ್ಮೆ ತಗೊಳ್ಳೂಣ್ರಿ."

ನರ್ಸಬಾಯಿ ಹೊಸ್ತಿಲು ಇಳಿದು ಬಂದರು. ಮುಖ ತೊಯ್ದಿತ್ತು, ಆದರೆ ಹಗುರಾಗಿತ್ತು. ಹೆರಿಗೆ ಕೋಣೆಯಿಂದ ಹೊರಬಂದು ತಾಯಿ ಮಗು ಇಬ್ಬರೂ ಆರಾಮ ಎಂದು ಹೇಳುವಾಗ ಅವರ ಮುಖ ಹಾಗಿರುತ್ತಿತ್ತು. "ಇನ್ನೊಮ್ಮೆ ಆಗಂಗಿಲ್ಲಪಾ" ಎಂದಷ್ಟೇ ಹೇಳಿದರು. ಬಸ್ಸಿನಲ್ಲಿ ಏನು ಮಾತಾಡಿದಿರಿ ಎಂದು ಕೇಳಿದೆ. "ಏನೋ ಬಾಯಿಗೆ ಬಂದದ್ದು" ಎಂದು ಕಿಟಕಿಯ ಕಡೆ ತಿರುಗಿದರು. ಕುಲಗೋಡ ಬರುವಷ್ಟರಲ್ಲಿ ನಿದ್ದೆ ಹೋಗಿದ್ದರು. ಅವರು ಹಗಲಲ್ಲಿ ನಿದ್ದೆ ಮಾಡಿದ್ದನ್ನು ನಾನು ಮೊದಲ ಸಲ ಕಂಡೆ.

ಎರಡನೇ ಭಾಗ ಗೋಕಾಕದ ಚಿತ್ರಮಂದಿರಕ್ಕೆ ಬರಲು ವರ್ಷವೇ ಬೇಕಾಯಿತು. ಮೊದಲ ದಿನ, ಮಧ್ಯಾಹ್ನದ ಆಟಕ್ಕೆ ನಾವಿಬ್ಬರೂ ಹೋದೆವು. ದೊಡ್ಡ ಥೇಟರಿನಲ್ಲಿ ಹತ್ತು ಹನ್ನೆರಡು ಜನ. ನರ್ಸಬಾಯಿ ಕುರ್ಚಿಯ ತುದಿಯಲ್ಲಿ ಕೂತಿದ್ದರು.

ಅಭಿಮಾನಿಯಾಗಿ ಹೇಳುತ್ತೇನೆ, ಎರಡನೇ ಭಾಗ ಕೆಟ್ಟ ಸಿನಿಮಾ. ಮೊದಲ ಭಾಗ ನೋಡಿದ ಯಾರೋ ನಡುವೆ ಬಂದು ಜಾಸ್ತಿ ಬಂಡವಾಳ ಹಾಕಿ, ಜಾಸ್ತಿ ಗದ್ದಲ ಕೇಳಿದ್ದರು. ಎದ್ದವರು ಈಗ ಓಡುತ್ತಾರೆ. ಎಲ್ಲಿಂದಲೋ ಬಂದ ಹೀರೋ ಕೈಯಲ್ಲಿ ಬಂದೂಕು. ಕಬ್ಬಿನ ಹೊಲ ನೀಲಿ ಬಣ್ಣದಲ್ಲಿ ಮುಳುಗಿದೆ, ಆದರೆ ರಾತ್ರಿಯ ನೆಲದ ಮೇಲೆ ಎಲ್ಲರ ನೆರಳೂ ಕಡುವಾಗಿ ಬಿದ್ದಿದೆ. ಹೊಲಮನೆಯ ದೃಶ್ಯ ಬಂತು. ನರ್ಸಬಾಯಿ ನನ್ನ ಮಣಿಕಟ್ಟು ಹಿಡಿದರು. ಬಾಗಿಲಿಗೆ ಗಂಡ ಬಂದ. ಆ ಹುಡುಗಿ ಚೀರಿ ಅಗಳಿ ಹಾಕಿದಳು. ಹೀರೋ ಹಿಂದಿನಿಂದ ಬಂದು ಗುಂಡು ಹೊಡೆದ. ದೃಶ್ಯ ಮುಗಿಯಿತು.

ನನ್ನ ಮಣಿಕಟ್ಟಿನ ಮೇಲಿನ ಹಿಡಿತ ಮೆಲ್ಲಗೆ ಸಡಿಲಾಯಿತು. ಹೋಗೋಣವೇ ಎಂದೆ. "ಪೂರ್ತಿ ನೋಡೂಣು. ಮಂದಿ ದುಡದಾರ" ಎಂದರು. ಕೊನೆಯಲ್ಲಿ ಹೆಸರುಗಳು ಬರುವವರೆಗೂ ಕೂತರು. ಹೆಸರುಗಳಲ್ಲಿ ಅವರದಿರಲಿಲ್ಲ.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ನಾನು ಸಿಟ್ಟಿನಿಂದ ಆ ಸಿನಿಮಾದ ಪುಟದಲ್ಲಿ ಉದ್ದದ ಟೀಕೆ ಬರೆದೆ. ಮೋಸ, ದ್ರೋಹ, ಇನ್ನೇನೋ. ಅವರು ಓದಿಸಿ ಕೇಳಿಸಿಕೊಂಡರು.

"ಅಳಸ ಅದನ್ನ."

"ಯಾಕ್ರೀ? ನಿಮ್ಮ ಸೀನ ತಗದಾರ!"

"ತಂಗಿ, ಎರಡನೇ ಹೆರಗಿ ಹಂಗ. ಪೈಲಾದ್ದಕ್ಕ ಎಲ್ಲಾರಿಗೂ ಅಂಜಿಕಿ ಇರ್ತೈತಿ, ಅದಕ್ಕ ಕಣ್ಣಾಗ ಎಣ್ಣಿ ಹಾಕ್ಕೊಂಡ ನೋಡ್ಕೋತಾರ. ಎರಡನೇದ್ದಕ್ಕ ಗೊತ್ತೈತಿ ಬಿಡು ಅಂತ ಧೈರ್ಯ. ಅಲ್ಲೇ ತಪ್ಪೂದು. ಹಂಗಂತ ಹುಟ್ಟಿದ ಕೂಸಿಗೆ ಬೈತಾರೇನ?" ಸ್ವಲ್ಪ ತಡೆದು, "ಆ ಕಾಲುವಿ ದಂಡಿ ಮ್ಯಾಲ ಎಲ್ಲಾರೂ ನಡಕೋತ ಬರೂದು ಚಲೋ ಐತಿ. ಅದನ್ನ ಬರಿ" ಎಂದರು.

ಅದನ್ನೇ ಬರೆದೆ. ಕೆಳಗೆ ಡೈರೆಕ್ಟರ್ ಕೈ ಮುಗಿದ ಚಿತ್ರ ಹಾಕಿದ.

ಆಮೇಲಿನ ಭಾನುವಾರಗಳಲ್ಲಿ ಅವರು ಸಿನಿಮಾ ಹಚ್ಚು ಎನ್ನುವುದು ಕಡಿಮೆಯಾಯಿತು. ಬದಲಿಗೆ ಮಾತು. ಕಾಕಾನ ಮಾತು. ಮದುವೆಯಾದ ಹೊಸದರಲ್ಲಿ ಕಾಕಾ ಸೈಕಲ್ ಮೇಲೆ ಅವರನ್ನು ಹುಕ್ಕೇರಿಯ ತವರಿಗೆ ಕರೆದೊಯ್ದದ್ದು, ದಾರಿಯಲ್ಲಿ ಚಕ್ರ ಪಂಕ್ಚರ್ ಆಗಿ ಇಬ್ಬರೂ ಸೈಕಲ್ ನೂಕುತ್ತ ನಡೆದದ್ದು, ಅಷ್ಟು ದೂರ ನಡೆಯುವಾಗ ಕಾಕಾ ಆಡಿದ್ದು ಒಟ್ಟು ಮೂರೇ ಮಾತು. ಆ ಮೂರೂ ಮಾತನ್ನು ಅವರು ಹೇಳಿ ತೋರಿಸುತ್ತಿದ್ದರು. ಎರಡು ವರ್ಷ ಮುಚ್ಚಿದ್ದ ಗಿರಣಿಯನ್ನು ತೆಗೆಸಿ ಯಾರಿಗೋ ನಡೆಸಲು ಕೊಟ್ಟರು.

ಹೋದ ವರ್ಷ ಶ್ರಾವಣದ ಒಂದು ಮಧ್ಯಾಹ್ನ, ಊಟ ಮಾಡಿ ಗೋಡೆಗೆ ಒರಗಿ ಕೂತವರು ಏಳಲಿಲ್ಲ. ನಮ್ಮವ್ವ ಮಜ್ಜಿಗೆ ಕೊಡಲು ಹೋದಾಗ ತಿಳಿಯಿತು. ಇಡೀ ಕುಲಗೋಡ ಬಂದಿತ್ತು. ಅವರ ಕೈಯಲ್ಲಿ ಹುಟ್ಟಿದವರೇ ಅವರನ್ನು ಹೊತ್ತರು, ಪದ್ಧತಿಯಂತೆ ಕೂಡಿಸಿ ಮಣ್ಣು ಕೊಟ್ಟರು.

ನನಗೆ ಭಾನುವಾರಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಒಂದು ತಿಂಗಳು ಕಳೆದ ಮೇಲೆ ಯಮಕನಮರಡಿಗೆ ಹೋದೆ. ಹೆದ್ದಾರಿಯ ಬದಿಯ ಸ್ಟುಡಿಯೋದಲ್ಲಿ ಡೈರೆಕ್ಟರ್ ಯಾರದೋ ಮದುವೆಯ ಆಲ್ಬಮ್ ಮಾಡುತ್ತಿದ್ದ. ನರ್ಸಬಾಯಿ ಹೋದರೆಂದು ಹೇಳಿ, ಆ ದೃಶ್ಯವನ್ನು ಒಮ್ಮೆ ತೋರಿಸು ಎಂದು ಕೇಳಿದೆ. ಅವನ ಮುಖ ಸಣ್ಣದಾಯಿತು.

"ಇಲ್ರೀ ಅಕ್ಕಾ. ಆ ಮೆಮೊರಿ ಕಾರ್ಡ್ ಮ್ಯಾಲ ಬ್ಯಾರೆ ಶೂಟಿಂಗ್ ಆತು. ಕೆಟ್ಟ ಶಾಟ್ ಅಂತ ನಾ ತಗದ ಇಡಲಿಲ್ಲ. ಅಂವ ಗೋಣ ಹಾಕದ ಇದ್ದಿದ್ರ ಖರೇನ ಇಡ್ತಿದ್ನಿ. ಬಂಡವಾಳದವರ ಜೋಡಿ ಜಗಳಾ ಮಾಡಿ ಆದ್ರೂ ಇಡ್ತಿದ್ನಿ." ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಹುಡುಕಿದ, ಇಲ್ಲವೆಂದು ಗೊತ್ತಿದ್ದೂ. ನಾನು ಅವನು ತರಿಸಿದ ಚಹಾ ಕುಡಿದು ಎದ್ದು ಬಂದೆ.

ಮತ್ತೊಂದು ಬೆಳಿಗ್ಗೆ ಮೂಡಲಗಿಯ ಬಸ್ಸಿಗಾಗಿ ಊರ ಹೊರಗಿನ ನಿಲ್ದಾಣದಲ್ಲಿ ನಿಂತಿದ್ದೆ. ರಸ್ತೆ ತುಂಬ ಕುರಿಗಳು ಬಂದವು. ಅವುಗಳ ಹಿಂದೆ ಅವನು, ಹೆಗಲ ಮೇಲೆ ಕಂಬಳಿ. ನನ್ನನ್ನು ನೋಡಿ ನಿಂತ. ನಾನೇ ಕೇಳಿದೆ, ಸ್ವಲ್ಪ ಬಿರುಸಾಗಿಯೇ ಕೇಳಿದೆನೇನೋ.

"ಅವತ್ತ ಯಾಕ ಗೋಣ ಹಾಕಿದಿ? ನೀ ಸುಮ್ಮನ ನಿಂತಿದ್ರ ಅವರು ಪಿಚ್ಚರಿನ್ಯಾಗ ಉಳೀತಿದ್ರು."

ಅವನು ಕೋಲಿನ ತುದಿಯಿಂದ ಮಣ್ಣು ಕೆದರಿದ.

"ಗೊತ್ತೈತ್ರೀ ಅಕ್ಕಾ. ಡೈರೆಕ್ಟರ್ ಹೇಳಿದ್ರು, ಏನ ಅಂದ್ರೂ ಅಲ್ಲಾಡಬ್ಯಾಡ ಅಂತ. ಅಷ್ಟೊತ್ತು ಅಲ್ಲಾಡಲಿಲ್ರಿ ನಾನು. ನಾನ ಕಳಿಸಿದ್ನಿ ನಿಮ್ಮನ್ನ ಅಂದ್ರು, ನಾಕ ದಿನಾ ಅಂತ ಸುಳ್ಳ ಹೇಳಿದ್ನಿ ಅಂದ್ರು, ಸುಮ್ಮನ ಇದ್ನಿ. ಮಲಗಿಸಿಬಿಟ್ರಂತ, ಬೆನ್ನ ತಣ್ಣಗಾತೇನೋ ಅಂದ್ರು. ಆಗೂ ಅಲ್ಲಾಡಲಿಲ್ಲ."

ಕುರಿಗಳು ಮುಂದೆ ಹೋಗುತ್ತಿದ್ದವು. ಅವನು ಅವುಗಳ ಕಡೆ ನೋಡುತ್ತಲೇ ಹೇಳಿದ.

"ಕಡೀಕ ಮಾರಿ ಮ್ಯಾಲ ಮಾಡಿ ಕೇಳಿದ್ರು. ‘ಜೀವಾ ಹೋಗೂ ಮುಂದ ಅಲ್ಲಿ ಯಾರರೆ ನಿಮ್ಮ ಕೈ ಹಿಡ್ಕೊಂಡಿದ್ರೇನು?’ ಅಂತ. ಉತ್ತರಾ ಕೇಳಾಕ ನಿಂತಬಿಟ್ರು. ನಾ ಹೆಣ ಅಂತ ಗೊತ್ತೈತ್ರಿ ನನಗ. ಆದ್ರ ಹೆಂಗ ಸುಮ್ಮನ ನಿಂದರಲಿ? ಹೂಂ ಅಂತ ಗೋಣ ಹಾಕಿದ್ನಿ."

ಬಸ್ಸು ಬಂದು ನಿಂತಿತು. ನಾನು ಹತ್ತಲಿಲ್ಲ.